ಕಷ್ಟಕಾಲದಲ್ಲಿ ಭರವಸೆ: ಅವಳಿ ನಗರದ ಕಥೋಲಿಕ ಧರ್ಮಕೇಂದ್ರಗಳ ಬದುಕು



'ಧೈರ್ಯವಾಗಿರು, ಎಲ್ಲ ಸರಿಹೋಗುತ್ತದೆ' ಎಂಬ ಮಾತನ್ನು ಕೇಳದವರು ನಿಮ್ಮಲ್ಲಿ ಯಾರೂ ಇರಲಾರರು. ಪರೀಕ್ಷೆಯಲ್ಲಿ ನಪಾಸಾದಾಗ, ಮನೆಯಲ್ಲಿ ಯಾರಿಗೋ ದೊಡ್ಡ ಕಾಯಿಲೆ ಬಂದಾಗ, ಮಳೆ ಕೈಕೊಟ್ಟು ಹೊಲ ಬಿತ್ತದೆ ಉಳಿದಾಗ ಹಿರಿಯರು ಈ ಮಾತು ಹೇಳುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಕೇಳುವವರ ಪಾಲಿಗೆ ಎಷ್ಟೋ ಸಲ ಅದು ಬರಿಯ ಮಾತಾಗಿಯೇ ಉಳಿಯುತ್ತದೆ. ಸರಿಹೋಗುವುದು ಯಾವಾಗ? ಅಲ್ಲಿಯವರೆಗೆ ದಿನ ನೂಕುವುದು ಹೇಗೆ? ಈ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರುವುದಿಲ್ಲ.

ಹುಬ್ಬಳ್ಳಿ–ಧಾರವಾಡದ ವಿದ್ಯಾರ್ಥಿಗಳಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ತರುಣ ತರುಣಿಯರು ಧಾರವಾಡಕ್ಕೆ ಬಂದು ಬಾಡಿಗೆ ಕೋಣೆಗಳಲ್ಲಿ ನೆಲೆಸುತ್ತಾರೆ. 545 ಪಿಎಸ್‌ಐ ಹುದ್ದೆಗಳಿಗಾಗಿ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣದಿಂದ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಡುವಿನ ಆ ದಿನಗಳನ್ನು ಪ್ರಾಮಾಣಿಕವಾಗಿ ಓದಿದ ಹುಡುಗ ಹುಡುಗಿಯರು ಹೇಗೆ ಕಳೆದಿರಬಹುದು? ಭರವಸೆ ಎಂಬುದರ ನಿಜವಾದ ಪರೀಕ್ಷೆ ಇಂಥ ಕಾಯುವ ಕಾಲದಲ್ಲಿಯೇ ನಡೆಯುತ್ತದೆ.

ಈ ಪ್ರಶ್ನೆಯನ್ನು ಅರಿಯಲು ಅವಳಿ ನಗರದ ಒಂದು ಚಿಕ್ಕ ಸಮುದಾಯದ ಬದುಕನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದು ಇಲ್ಲಿನ ಕಥೋಲಿಕ ಕ್ರೈಸ್ತರ ಸಮುದಾಯ.

ಧರ್ಮಕೇಂದ್ರ ಎಂದರೇನು?

ಚರ್ಚ್ ಎಂದೊಡನೆ ಗೋಪುರ ಮತ್ತು ಗಂಟೆಯುಳ್ಳ ಕಟ್ಟಡ ನಮ್ಮ ಕಣ್ಣಮುಂದೆ ಬರುತ್ತದೆ. ಆದರೆ ಕಥೋಲಿಕರು 'ಧರ್ಮಕೇಂದ್ರ' ಎನ್ನುವುದು ಕಟ್ಟಡಕ್ಕಲ್ಲ, ಜನರಿಗೆ. ಒಂದು ನಿರ್ದಿಷ್ಟ ಪ್ರದೇಶದಲ್ಲಿ ವಾಸಿಸುವ ವಿಶ್ವಾಸಿಗಳೆಲ್ಲರೂ ಸೇರಿ ಒಂದು ಧರ್ಮಕೇಂದ್ರ. ಅದರ ಹೊಣೆ ಒಬ್ಬ ಗುರುಗಳದು. ಇಂಥ ಅನೇಕ ಧರ್ಮಕೇಂದ್ರಗಳು ಸೇರಿದರೆ ಧರ್ಮಕ್ಷೇತ್ರ. ಅದರ ಮುಖ್ಯಸ್ಥರು ಧರ್ಮಾಧ್ಯಕ್ಷರು. ಹುಬ್ಬಳ್ಳಿ–ಧಾರವಾಡದ ಧರ್ಮಕೇಂದ್ರಗಳು 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಕ್ಷೇತ್ರಕ್ಕೆ ಸೇರಿವೆ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ನಮ್ಮ ಭಾಗದಲ್ಲಿ ಕ್ರೈಸ್ತರೆಂದರೆ ಮೊದಲು ನೆನಪಾಗುವುದು ಬಾಸೆಲ್ ಮಿಷನ್ ಮತ್ತು ನಿಘಂಟುಕಾರ ಕಿಟೆಲ್. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ ಬಂದ ಬಾಸೆಲ್ ಮಿಷನ್ ಪ್ರಾಟೆಸ್ಟೆಂಟ್ ಸಂಸ್ಥೆ. ಕಥೋಲಿಕರದು ಬೇರೆ ಪರಂಪರೆ. ರೋಮಿನ ಪೋಪ್ ಅವರ ಪರಮಗುರು. ಧಾರವಾಡದ ಸೇಂಟ್ ಜೋಸೆಫ್ ಶಾಲೆ, ಹುಬ್ಬಳ್ಳಿ ಕೇಶ್ವಾಪುರದ ಫಾತಿಮಾ ಶಾಲೆಗಳ ಮೂಲಕ ಈ ಸಮುದಾಯದ ಪರಿಚಯ ನಿಮ್ಮಲ್ಲಿ ಅನೇಕರಿಗೆ ಇರಬಹುದು.

ಬರ ತಂದ ರೈಲು, ರೈಲು ತಂದ ಜನ

ಹುಬ್ಬಳ್ಳಿಯಲ್ಲಿ ಈ ಸಮುದಾಯ ಬೆಳೆದ ಬಗೆಯಲ್ಲಿಯೇ ಒಂದು ಪಾಠವಿದೆ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾಬರದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು. ಧಾರವಾಡ ಜಿಲ್ಲೆಯೂ ಆ ಬರದಲ್ಲಿ ನರಳಿತು. ಧಾನ್ಯ ಬೇರೆಡೆ ಇದ್ದರೂ ಹಸಿದ ಊರಿಗೆ ಅದನ್ನು ಬೇಗ ತಲುಪಿಸುವ ದಾರಿ ಇರಲಿಲ್ಲ. ಹೀಗಾಗಿ ಬರಪೀಡಿತ ಪ್ರದೇಶಗಳಿಗೆ ರೈಲುಮಾರ್ಗ ಬೇಕೆಂಬ ವಾದ ಬಲವಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದೇ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು, ರೈಲ್ವೆ ವರ್ಕ್‌ಶಾಪ್ ಬಂತು, ಗೋವೆಯ ಮುರ್ಮಗೋವಾ ಬಂದರಿನ ಸಂಪರ್ಕವೂ ಬಂತು.

ರೈಲಿನೊಂದಿಗೆ ಕೆಲಸಗಾರರು ಬಂದರು. ಗೋವೆಯ ಕೊಂಕಣಿಗರು, ತಮಿಳರು, ಆಂಗ್ಲೋ–ಇಂಡಿಯನ್ನರು ಅವರಲ್ಲಿದ್ದರು, ಅನೇಕರು ಕಥೋಲಿಕರಾಗಿದ್ದರು. ಹೊಸ ಊರು, ಅರಿಯದ ಭಾಷೆ. ಕಾಯಿಲೆ ಬಿದ್ದರೆ ನೋಡುವ ಬಂಧುಗಳು ನೂರಾರು ಮೈಲಿ ದೂರ. ಅಂಥವರಿಗೆ ಭಾನುವಾರದ ಪೂಜೆ ದೇವರ ಸನ್ನಿಧಿಯೂ ಆಗಿತ್ತು, ತಮ್ಮವರೆಂಬ ನಾಲ್ಕು ಮಂದಿಯನ್ನು ಕಾಣುವ ಸ್ಥಳವೂ ಆಗಿತ್ತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ನಿನ ಜಾಗಕ್ಕೆ ಜನರ ಭಾಷೆ ಬಂತು. ಕನ್ನಡದಲ್ಲಿ ಬಲಿಪೂಜೆ ನಡೆಯತೊಡಗಿದ ಮೇಲೆ ದೂರದಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಈ ಮಣ್ಣಿನ ನುಡಿಯಲ್ಲಿಯೇ ಪ್ರಾರ್ಥಿಸಿದರು.

ಆಸೆ, ನಿರೀಕ್ಷೆ, ಭರವಸೆ

ಕನ್ನಡದಲ್ಲಿ ಈ ಮೂರು ಮಾತುಗಳಿವೆ. ಮಳೆ ಬಂದರೆ ಚೆನ್ನ ಎನ್ನುವುದು ಆಸೆ. ಮೋಡ ಕಟ್ಟಿದೆ, ಬರಬಹುದು ಎನ್ನುವುದು ನಿರೀಕ್ಷೆ. ಮೋಡವೇ ಇಲ್ಲದಿದ್ದಾಗಲೂ ಬೀಜ ಕಾಯ್ದಿಟ್ಟುಕೊಂಡು ಹೊಲ ಹರಗಿ ಸಿದ್ಧಮಾಡುವುದು ಭರವಸೆ. ಮೊದಲೆರಡು ಮನಸ್ಸಿನಲ್ಲಿ ಮುಗಿಯಬಹುದು. ಮೂರನೆಯದು ಕೈಗೆ ಕೆಲಸ ಕೊಡುತ್ತದೆ.

ಕ್ರೈಸ್ತ ಧರ್ಮ ವಿಶ್ವಾಸ, ಭರವಸೆ, ಪ್ರೀತಿ ಎಂಬ ಮೂರನ್ನು ಮುಖ್ಯ ಸದ್ಗುಣಗಳೆಂದು ಎಣಿಸುತ್ತದೆ. ಸದ್ಗುಣವೆಂದರೆ ರೂಢಿಯಿಂದ ಗಟ್ಟಿಯಾಗುವಂಥದು, ಬಂದುಹೋಗುವ ಭಾವನೆಯಲ್ಲ. ಭರವಸೆಯ ಗುರುತಾಗಿ ಆದಿಕಾಲದ ಕ್ರೈಸ್ತರು ಆರಿಸಿಕೊಂಡದ್ದು ಹಡಗಿನ ಲಂಗರು. ರೋಮಿನ ಪ್ರಾಚೀನ ನೆಲಮಾಳಿಗೆಯ ಸಮಾಧಿಗಳಲ್ಲಿ ಇದರ ಚಿತ್ರಗಳಿವೆ. ಲಂಗರು ಬಿರುಗಾಳಿಯನ್ನು ನಿಲ್ಲಿಸುವುದಿಲ್ಲ, ಹಡಗನ್ನು ಮುಂದಕ್ಕೂ ಒಯ್ಯುವುದಿಲ್ಲ. ಹಡಗು ಕೊಚ್ಚಿಹೋಗದಂತೆ ಹಿಡಿದಿಡುತ್ತದೆ, ಅಷ್ಟೆ. ಕಷ್ಟಕಾಲದಲ್ಲಿ ಎಷ್ಟೋ ಸಲ ಬೇಕಾದದ್ದೂ ಅಷ್ಟೆ. 2024ರ ಡಿಸೆಂಬರ್ 24ರಿಂದ 2026ರ ಜನವರಿ 6ರವರೆಗೆ ಕಥೋಲಿಕ ಧರ್ಮಸಭೆ ಆಚರಿಸಿದ ಜ್ಯೂಬಿಲಿ ವರ್ಷದ ವಿಷಯ 'ಭರವಸೆಯ ಯಾತ್ರಿಕರು' ಎಂದಿತ್ತು. ಅದರ ಲಾಂಛನದಲ್ಲಿಯೂ ಲಂಗರು ಇತ್ತು.

ರೂಢಿ ಬೆಳೆಯುವ ಬಗೆ

ಈ ರೂಢಿಯನ್ನು ಧರ್ಮಕೇಂದ್ರ ಬೆಳೆಸುವುದು ಹೇಗೆ? ಅದರ ಸಾಧನಗಳು ಬಹಳ ಸರಳ. ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆ ಎಂಬ ಭಾಗವಿದೆ. ಅಲ್ಲಿ ಕಾಯಿಲೆಯವರಿಗಾಗಿ, ಸತ್ತವರಿಗಾಗಿ, ಕಷ್ಟದಲ್ಲಿರುವವರಿಗಾಗಿ ಎಲ್ಲರೂ ಸೇರಿ ಬೇಡುತ್ತಾರೆ. ಒಂದು ಮನೆಯ ದುಃಖ ನಾಲ್ಕು ಗೋಡೆಗಳಿಂದ ಹೊರಬಂದು ನೂರು ಜನರ ನೆನಪಿಗೆ ಸೇರುತ್ತದೆ. ಹತ್ತಿಪ್ಪತ್ತು ಮನೆಗಳು ಸೇರಿದ ಕಿರು ಸಮುದಾಯಗಳು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಕೂಡುತ್ತವೆ. ಯಾರು ಬರಲಿಲ್ಲ, ಏಕೆ ಬರಲಿಲ್ಲ ಎಂಬುದು ಅಲ್ಲಿ ತಾನಾಗಿಯೇ ತಿಳಿಯುತ್ತದೆ. ನವೆಂಬರ್ 2ರಂದು ಸ್ಮಶಾನಕ್ಕೆ ಹೋಗಿ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತಾರೆ.

ಇದನ್ನು ಗುರುಗಳ ಮನಸ್ಸಿಗೆ ಬಿಟ್ಟಿಲ್ಲ ಎಂಬುದು ಗಮನಾರ್ಹ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 529ನೆಯ ವಿಧಿ ಧರ್ಮಕೇಂದ್ರದ ಗುರುಗಳ ಕರ್ತವ್ಯಗಳನ್ನು ಹೇಳುತ್ತದೆ. ಮನೆಗಳಿಗೆ ಹೋಗಬೇಕು, ಕಾಯಿಲೆಯವರನ್ನು ನೋಡಬೇಕು, ಬಡವರು, ನೊಂದವರು, ಒಂಟಿಯಾದವರು, ಸ್ವದೇಶ ಬಿಟ್ಟು ಬಂದವರು ಇಂಥವರನ್ನು ಹುಡುಕಿಕೊಂಡು ಹೋಗಬೇಕು ಎಂಬುದು ಅದರ ಸಾರ. ಅವರೇ ಬರಲಿ ಎಂದು ಕಾಯಬಾರದು. ಎಲ್ಲ ಕಡೆ, ಎಲ್ಲ ಕಾಲದಲ್ಲಿ ಹೀಗೆಯೇ ನಡೆಯುತ್ತದೆ ಎಂದಲ್ಲ. ಮನುಷ್ಯರ ಸಂಸ್ಥೆಗಳಲ್ಲಿ ಕೊರತೆಗಳು ಇದ್ದೇ ಇರುತ್ತವೆ. ಆದರೆ ಕರ್ತವ್ಯವೆಂದು ಬರೆದಿಟ್ಟಿರುವುದರಿಂದ, ಅದು ತಪ್ಪಿದಾಗ ಕೇಳುವ ಹಕ್ಕು ಜನರಿಗಿರುತ್ತದೆ.

ಪೂಜೆಯಿಲ್ಲದ ಶನಿವಾರ

ವರ್ಷದ ಆಚರಣೆಗಳಲ್ಲಿ ನಮ್ಮ ವಿಷಯಕ್ಕೆ ತೀರ ಹತ್ತಿರವಾದದ್ದು ಪವಿತ್ರ ವಾರ. ಶುಭ ಶುಕ್ರವಾರ ಯೇಸುಸ್ವಾಮಿಯ ಮರಣದ ದಿನ. ಭಾನುವಾರ ಪುನರುತ್ಥಾನದ ಪಾಸ್ಖ ಹಬ್ಬ. ನಡುವಿನ ಶನಿವಾರದ ಬಗ್ಗೆ ಹೊರಗಿನವರು ಹೆಚ್ಚು ಕೇಳಿರುವುದಿಲ್ಲ. ಆ ದಿನ ಹಗಲಿನಲ್ಲಿ ಬಲಿಪೂಜೆ ಇಲ್ಲ. ಪೀಠದ ಮೇಲೆ ಬಟ್ಟೆ ಇಲ್ಲ, ಹೂವಿಲ್ಲ. ದುಃಖವನ್ನು ಅವಸರದಿಂದ ಮುಗಿಸದೆ ಒಂದು ಇಡೀ ದಿನವನ್ನು ಕಾಯುವುದಕ್ಕೆಂದೇ ಮೀಸಲಿಟ್ಟಿದ್ದಾರೆ. ರಾತ್ರಿಯಾದ ಮೇಲೆ ದೇವಾಲಯದ ಹೊರಗೆ ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸಿ, ಅದರಿಂದ ಒಂದು ದೊಡ್ಡ ಮೇಣದಬತ್ತಿ ಬೆಳಗಿಸುತ್ತಾರೆ. ಆ ಬತ್ತಿಯಿಂದ ಒಬ್ಬರು, ಅವರಿಂದ ಪಕ್ಕದವರು, ಹೀಗೆ ದೀಪ ಕೈಯಿಂದ ಕೈಗೆ ಹೋಗುತ್ತದೆ. ತನ್ನ ಬತ್ತಿ ಆರಿದವರು ಪಕ್ಕದವರ ಬತ್ತಿಯಿಂದ ಹಚ್ಚಿಕೊಳ್ಳುತ್ತಾರೆ.

2020ರಲ್ಲಿ ಈ ಆಚರಣೆಯೇ ಕಷ್ಟಕ್ಕೆ ಸಿಕ್ಕಿತು. ಕೊರೋನಾದಿಂದಾಗಿ ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆಯಿತು. ಆ ವರ್ಷದ ಪಾಸ್ಖ ಹಬ್ಬ ಏಪ್ರಿಲ್ 12ರಂದು ಬಂತು. ಜನರಿಲ್ಲದೆ ಗುರುಗಳು ಪೂಜೆ ನಡೆಸಿದರು. ಹೊಸ ಬೆಂಕಿ ಹೊತ್ತಿಸುವ ವಿಧಿಯನ್ನು ಆ ವರ್ಷ ಬಿಡಬೇಕೆಂದು ರೋಮಿನಿಂದ ಸೂಚನೆ ಬಂದಿತ್ತು. ಜನರು ಟಿ.ವಿ. ಮತ್ತು ಮೊಬೈಲ್ ಪರದೆಯ ಮುಂದೆ ಕುಳಿತು ಪೂಜೆ ನೋಡಿದರು. ಅದಕ್ಕೂ ಮೊದಲು, ಮಾರ್ಚ್ 27ರ ಸಂಜೆ, ಮಳೆಯಲ್ಲಿ ತೊಯ್ದ ಖಾಲಿ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಪ್ರಾರ್ಥಿಸಿದ ದೃಶ್ಯವನ್ನು ಜಗತ್ತೇ ನೋಡಿತ್ತು.

ಅತಿ ಕಠಿಣವಾದದ್ದು ಸಾವಿನ ಮನೆ. ಅಂತ್ಯಕ್ರಿಯೆಗೆ ಇಪ್ಪತ್ತಕ್ಕಿಂತ ಹೆಚ್ಚು ಜನ ಸೇರುವಂತಿರಲಿಲ್ಲ. ಸೇರುವುದನ್ನೇ ಜೀವಾಳವಾಗಿ ಮಾಡಿಕೊಂಡ ಸಮುದಾಯಕ್ಕೆ ಸೇರಬಾರದೆಂಬುದೇ ಧರ್ಮವಾಯಿತು. ಆಗ ನೆರವಿಗೆ ಬಂದದ್ದು ಹಳೆಯ ರೂಢಿಗಳೇ. ಯಾವ ಮನೆಯಲ್ಲಿ ವೃದ್ಧರಿದ್ದಾರೆ, ಯಾರ ದಿನಗೂಲಿ ನಿಂತಿದೆ ಎಂಬುದು ನೆರೆಹೊರೆಯ ಕಿರು ಸಮುದಾಯಕ್ಕೆ ಗೊತ್ತಿರುತ್ತದೆ. ಫೋನ್ ಮಾಡಿ ವಿಚಾರಿಸುವುದು, ರೇಷನ್ ತಲುಪಿಸುವುದು ನಾಡಿನ ಹಲವೆಡೆ ನಡೆಯಿತು. ಜೂನ್ 8ರಿಂದ ಪೂಜಾಸ್ಥಳಗಳು ಮತ್ತೆ ತೆರೆಯತೊಡಗಿದವು.

ಒಬ್ಬ ವಿದ್ಯಾರ್ಥಿಯ ಕೆಲಸ

ಕಷ್ಟದಲ್ಲಿರುವ ಮನೆಗೆ ಹುಡುಕಿಕೊಂಡು ಹೋಗುವ ಕೆಲಸಕ್ಕೆ ಧರ್ಮಕೇಂದ್ರಗಳಲ್ಲಿ ಒಂದು ಹಳೆಯ ಸಂಘಟನೆಯಿದೆ: ಸಂತ ವಿನ್ಸೆಂಟ್ ದ ಪಾಲ್ ಸಭೆ. ಅದನ್ನು ಆರಂಭಿಸಿದವರಲ್ಲಿ ಪ್ರಮುಖನಾದವನು ನಿಮ್ಮಂಥ ಒಬ್ಬ ಕಾಲೇಜು ವಿದ್ಯಾರ್ಥಿ. ಆತನ ಹೆಸರು ಫ್ರೆಡರಿಕ್ ಓಜನಾಂ. 1832ರಲ್ಲಿ ಪ್ಯಾರಿಸ್ ನಗರವನ್ನು ಕಾಲರಾ ಕಾಡಿತು. ಆ ಕಾಲದಲ್ಲಿ ವಿದ್ಯಾರ್ಥಿಗಳ ಚರ್ಚಾಕೂಟವೊಂದರಲ್ಲಿ, ನಿಮ್ಮ ಧರ್ಮ ಈಗ ಬಡವರಿಗಾಗಿ ಏನು ಮಾಡುತ್ತಿದೆ ಎಂದು ಎದುರಾಳಿಗಳು ಕೇಳಿದರು. ಓಜನಾಂ ಮಾತಿನಲ್ಲಿ ಉತ್ತರಿಸಲು ಹೋಗಲಿಲ್ಲ. ಚಳಿಗಾಲಕ್ಕೆಂದು ಇಟ್ಟಿದ್ದ ಸೌದೆಯನ್ನು ಗೆಳೆಯನೊಡನೆ ಹೊತ್ತು ಬಡವನ ಮನೆಗೆ ಒಯ್ದ. 1833ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಕೆಲವು ಗೆಳೆಯರೊಂದಿಗೆ ಈ ಸಭೆಯನ್ನು ಆರಂಭಿಸಿದ. ಅದೇ ಶತಮಾನದಲ್ಲಿ ಸಭೆ ಭಾರತಕ್ಕೂ ಬಂತು. ಸದಸ್ಯರು ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗಿ ಕುಳಿತು ಮಾತನಾಡುವುದು ಅದರ ಮೂಲ ಪದ್ಧತಿ. ಕೊಡುವುದಕ್ಕಿಂತ ಮೊದಲು ಕೇಳಿಸಿಕೊಳ್ಳುವುದು.

ಹುಬ್ಬಳ್ಳಿಯ ಇತಿಹಾಸದಲ್ಲಿಯೂ ಭರವಸೆ ಕೆಲಸವಾದ ಉದಾಹರಣೆಯಿದೆ. 1898ರಲ್ಲಿ ಪ್ಲೇಗ್ ಹುಬ್ಬಳ್ಳಿಯನ್ನು ಆವರಿಸಿದಾಗ ವಿಜ್ಞಾನಿ ಹಾಫ್ಕಿನ್ ಕಂಡುಹಿಡಿದ ಹೊಸ ಲಸಿಕೆಯ ಬಗ್ಗೆ ಜನರಲ್ಲಿ ಭಯವಿತ್ತು. ಆದರೂ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಲಸಿಕೆ ಹಾಕಿಸಿಕೊಂಡರು. ಅವರಲ್ಲಿ ಎಲ್ಲ ಜಾತಿ ಮತಗಳವರಿದ್ದರು. ಪ್ರಾರ್ಥನೆಗೂ ಔಷಧಕ್ಕೂ ವೈರವಿಲ್ಲ. ಭರವಸೆಯುಳ್ಳವರು ಎರಡನ್ನೂ ಬಿಡುವುದಿಲ್ಲ.

ನಮಗೆ ಸಿಗುವ ಪಾಠ

ಈ ಬಗೆಯ ಆಸರೆ ಒಂದೇ ಧರ್ಮದ ಸೊತ್ತಲ್ಲ. ಬಡ ವಿದ್ಯಾರ್ಥಿಗಳಿಗೆ ಅನ್ನ, ಆಶ್ರಯ ಕೊಟ್ಟ ಧಾರವಾಡದ ಮುರುಘಾಮಠ, ಹಸಿದು ಬಂದವರಿಗೆ ಊಟವಿಕ್ಕುವ ಹುಬ್ಬಳ್ಳಿಯ ಸಿದ್ಧಾರೂಢ ಮಠ ನಮ್ಮ ಕಣ್ಣಮುಂದೆಯೇ ಇವೆ. ಮಸೀದಿ, ಗುರುದ್ವಾರ, ಓಣಿಯ ತರುಣ ಸಂಘಗಳೂ ಇದನ್ನೇ ಮಾಡಬಲ್ಲವು. ಧರ್ಮಕೇಂದ್ರದ ಉದಾಹರಣೆಯಿಂದ ತಿಳಿಯುವುದು ಇಷ್ಟು: ಭರವಸೆಯನ್ನು ಒಬ್ಬರೇ ಹೊರಬೇಕಾಗಿಲ್ಲ. ಅದು ಸರದಿಯಲ್ಲಿ ಹೊರುವ ಹೊರೆ. ನಮ್ಮಲ್ಲಿ ಅದು ತೀರಿದ ದಿನ ಪಕ್ಕದವರ ಭರವಸೆಯ ಮೇಲೆ ನಿಲ್ಲಬಹುದು. ಅವರದು ತೀರಿದ ದಿನ ನಮ್ಮದು ಅವರಿಗೆ ಬೇಕಾಗುತ್ತದೆ. ಆದರೆ ಆ ಏರ್ಪಾಡು ಕಷ್ಟ ಬಂದ ದಿನ ಹುಟ್ಟುವುದಿಲ್ಲ. ನೆಟ್ಟಗಿರುವ ದಿನಗಳಲ್ಲಿಯೇ ವಾರಕ್ಕೊಮ್ಮೆ ಕೂಡಿ, ಹೆಸರು ಹಿಡಿದು ವಿಚಾರಿಸಿ, ಬರದವರ ಮನೆಗೆ ಹೋಗಿ ಅದನ್ನು ಕಟ್ಟಿಟ್ಟಿರಬೇಕು.

ನಿಮ್ಮ ಹಾಸ್ಟೆಲಿನಲ್ಲಿ, ಬಾಡಿಗೆ ಕೋಣೆಗಳ ಸಾಲಿನಲ್ಲಿ ಫಲಿತಾಂಶದ ದಿನ ಬಾಗಿಲು ಹಾಕಿಕೊಂಡು ಕುಳಿತ ಗೆಳೆಯನಿದ್ದರೆ ಬಾಗಿಲು ತಟ್ಟಿ. ಉಪದೇಶ ಬೇಡ, ಜೊತೆಗೆ ಕುಳಿತು ಒಂದು ತುತ್ತು ಉಂಡರೂ ಸಾಕು. ಬದುಕೇ ಬೇಡವೆನ್ನುವ ಮಾತು ಯಾರ ಬಾಯಲ್ಲಿ ಕೇಳಿದರೂ ಹಗುರವಾಗಿ ತೆಗೆದುಕೊಳ್ಳದೆ ಹಿರಿಯರಿಗೆ ತಿಳಿಸಿ, ವೈದ್ಯರ ಬಳಿ ಕರೆದೊಯ್ಯಿರಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಉಚಿತವಾಗಿ ಸಲಹೆ ಸಿಗುತ್ತದೆ. ಈ ಸಂಖ್ಯೆಯನ್ನು ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ತರಗತಿಯಲ್ಲಿ ಚರ್ಚಿಸಿ

1. ಆಸೆ, ನಿರೀಕ್ಷೆ, ಭರವಸೆ ಇವುಗಳ ವ್ಯತ್ಯಾಸಕ್ಕೆ ನಿಮ್ಮ ಊರಿನ ಬದುಕಿನಿಂದ ಒಂದೊಂದು ಉದಾಹರಣೆ ಕೊಡಿ.

2. 2020ರ ಲಾಕ್‌ಡೌನ್ ದಿನಗಳಲ್ಲಿ ನಿಮ್ಮ ಓಣಿಯಲ್ಲಿ ಯಾರು ಯಾರಿಗೆ ನೆರವಾದರು? ಮನೆಯ ಹಿರಿಯರನ್ನು ಕೇಳಿ ಬರೆಯಿರಿ.

3. ನಿಮ್ಮ ತರಗತಿಯಲ್ಲಿ ವಾರಗಟ್ಟಲೆ ಬಾರದ ಸಹಪಾಠಿ ಇದ್ದಾರೆಯೇ? ಅವರ ಮನೆಗೆ ಹೋಗಿಬರುವ ಇಬ್ಬರು ಯಾರು?