ನಿಮಗಿದು ಗೊತ್ತೆ?: ಸಂತಾನ ನಿಯಂತ್ರಣ ಹೆಣ್ಣಿನ ಹೊಣೆಯಷ್ಟೇ ಅಲ್ಲ

ಬಂಗಾರಪೇಟೆ, ಕೆಜಿಎಫ್ ಸೇರಿದ್ದ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್‌ಗಳನ್ನು ತೆರೆದಿತ್ತು. ಆದರೆ ದಶಕಗಳ ನಂತರವೂ ಈ ಹೊಣೆಯಲ್ಲಿ ಗಂಡಸರು ಹೆಚ್ಚಾಗಿ ಜೊತೆಯಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ 15–49 ವಯಸ್ಸಿನ ವಿವಾಹಿತೆಯರಲ್ಲಿ ಶೇ 37.9 ಮಂದಿ ತಾವೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಪತಿಗೆ ಅದು ಆಗಿರುವುದು ಶೇ 0.3 ಮಂದಿಯಲ್ಲಷ್ಟೇ. ಆದರೆ ಪುರುಷರಿಗೆ ಮಾಡುವ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ವ್ಯಾಸೆಕ್ಟಮಿಯೇ ಹೆಚ್ಚು ಸರಳ: ಹೊಟ್ಟೆ ಕೊಯ್ಯಬೇಕಿಲ್ಲ, ಅಂದೇ ಮನೆಗೆ ಮರಳಬಹುದು. ದುಡಿಯುವ ಗಂಡಸಿನ ಶಕ್ತಿ ಕುಂದೀತೆಂಬ ಅಂಜಿಕೆಗೆ ಆಧಾರವಿಲ್ಲ. ಮುಚ್ಚುವುದು ವೀರ್ಯಾಣು ಸಾಗುವ ನಾಳಗಳನ್ನು ಮಾತ್ರ, ಹಾರ್ಮೋನು ಮೊದಲಿನಂತೆಯೇ ಇರುತ್ತದೆ. ಪರಿಣಾಮ ಖಚಿತವಾಗಲು ಸುಮಾರು 3 ತಿಂಗಳು ಬೇಕು. ಅಲ್ಲಿಯವರೆಗೆ ಕಾಂಡೋಮ್ ಬಳಸಬೇಕು. ದುಡಿಮೆಯೇ ನೆಪವಾದರೆ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಹೆಂಗಸೂ ದುಡಿಯುವವಳೇ. ಹೊಣೆಯನ್ನು ಇಬ್ಬರೂ ಹಂಚಿಕೊಳ್ಳುವುದೇ ನ್ಯಾಯ.