ಹಳಿ ಪಕ್ಕದಿಂದ ಓಡುವ ಎಂಜಿನ್

ರಿಮೋಟ್ ನಿಯಂತ್ರಿತ ಲೋಕೋಮೋಟಿವಿನ ಚಾಲಕ ಕ್ಯಾಬಿನೊಳಗೆ ಕೂರುವುದಿಲ್ಲ. ಹಳಿಯ ಪಕ್ಕದಲ್ಲಿ ನಿಂತು, ಇಲ್ಲವೇ ವ್ಯಾಗನ್ನಿನ ಮೆಟ್ಟಿಲಿಗೆ ಜೋತು, ಹೊಟ್ಟೆಯ ಮುಂದೆ ಬಿಗಿದುಕೊಂಡ ಪೆಟ್ಟಿಗೆಯ ಗುಂಡಿಗಳಿಂದಲೇ ಎಂಜಿನ್ ನಡೆಸುತ್ತಾನೆ. ಗೂಡ್ಸ್ ಯಾರ್ಡುಗಳಲ್ಲಿ ವ್ಯಾಗನ್‌ಗಳನ್ನು ಬಿಡಿಸಿ ಜೋಡಿಸುವ ಶಂಟಿಂಗ್ ಕೆಲಸಕ್ಕೆ ಕೆನಡಾದಲ್ಲಿ 1990ರ ದಶಕದಲ್ಲೇ ಇದು ರೂಢಿಗೆ ಬಂತು. ಅಮೆರಿಕದ ದೊಡ್ಡ ರೈಲು ಕಂಪನಿಗಳು 2002ರಿಂದ ವ್ಯಾಪಕವಾಗಿ ಬಳಸತೊಡಗಿದವು.

ಪೆಟ್ಟಿಗೆಯಿಂದ ಹೊರಡುವ ರೇಡಿಯೋ ಸಂಕೇತವನ್ನು ಎಂಜಿನ್ನಿನಲ್ಲಿರುವ ಕಂಪ್ಯೂಟರ್ ಓದುತ್ತದೆ. ಎಷ್ಟು ವೇಗ ಬೇಕೆಂದು ಚಾಲಕ ಆರಿಸಿದರೆ ಸಾಕು, ಶಕ್ತಿಯನ್ನೂ ಬ್ರೇಕನ್ನೂ ಹೊಂದಿಸುವ ಕೆಲಸ ಕಂಪ್ಯೂಟರಿನದು. ಒಂದು ಪೆಟ್ಟಿಗೆಯ ಮಾತನ್ನು ಅದಕ್ಕೆ ಜೋಡಿಸಿದ ಎಂಜಿನ್ ಮಾತ್ರ ಕೇಳುತ್ತದೆ. ಸಂಕೇತ ಕಡಿದುಹೋದರೆ ಬ್ರೇಕ್ ತಾನಾಗಿ ಬೀಳುತ್ತದೆ. ಚಾಲಕ ಎಡವಿ ಬಿದ್ದು ಪೆಟ್ಟಿಗೆ ವಾಲಿ ಕೆಲವು ಕ್ಷಣ ಹಾಗೇ ಉಳಿದರೂ ಅಷ್ಟೇ: ಎಂಜಿನ್ ನಿಲ್ಲುತ್ತದೆ, ಸಹೋದ್ಯೋಗಿಗಳಿಗೆ ರೇಡಿಯೋದಲ್ಲಿ ಎಚ್ಚರಿಕೆ ಹೋಗುತ್ತದೆ. ಯಂತ್ರದ ಮಟ್ಟಿಗೆ ಇದು ಜಾಣ ವಿನ್ಯಾಸವೇ.

ತೊಡಕಿರುವುದು ನೋಟದಲ್ಲಿ. ಎಂಜಿನ್ ಹಿಂದಿನಿಂದ ತಳ್ಳುವಾಗ ಮುಂದೆ ಸಾಗುವುದು ಕಣ್ಣಿಲ್ಲದ ವ್ಯಾಗನ್ನು. ಚಾಲಕ ಅದರಿಂದ ಬಹುದೂರದಲ್ಲಿ ಇರಬಹುದು. ಹಳಿಯ ಮೇಲೆ ಯಾರೋ ನಡೆದು ಬರುತ್ತಿದ್ದಾರೆ ಎಂಬುದು ರೇಡಿಯೋಗೂ ಗೊತ್ತಾಗದು, ಕಂಪ್ಯೂಟರಿಗೂ ಗೊತ್ತಾಗದು. ಆದ್ದರಿಂದಲೇ ಅಮೆರಿಕದ ಫೆಡರಲ್ ರೈಲ್ವೆ ಆಡಳಿತ 2001ರ ಸುರಕ್ಷತಾ ಸಲಹೆಯಲ್ಲಿ ಚಾಲಕರ ತರಬೇತಿ, ಉಪಕರಣದ ತಪಾಸಣೆಗಳ ಬಗ್ಗೆ ಮಾರ್ಗಸೂಚಿ ಕೊಟ್ಟಿತು. 2008ರ ನಿಯಮಗಳು, ತಳ್ಳುವ ಮುನ್ನ ಮುಂದಿನ ಹಳಿ ಖಾಲಿಯಿದೆಯೆಂದು ಅರ್ಹ ನೌಕರನೊಬ್ಬ ಖಚಿತಪಡಿಸಿಕೊಳ್ಳುವುದನ್ನು ಕಡ್ಡಾಯಗೊಳಿಸಿದವು. ಯಾರ್ಡಿನೊಳಗೆ ಬೇರೆ ಯಾರೂ ಬಾರದಂತೆ ಕಾಯ್ದಿರಿಸಿದ ‘ರಿಮೋಟ್ ವಲಯ’ಗಳಲ್ಲಿ ಈ ಕಟ್ಟುಪಾಡಿಗೆ ಸಡಿಲಿಕೆಯಿದೆ. ಲೋಕೋ ಚಾಲಕರ ಸಂಘ ಈ ವ್ಯವಸ್ಥೆಯನ್ನೇ ವಿರೋಧಿಸಿತ್ತು. ಉದ್ಯೋಗ ಹೋಗುವ ಭಯವೂ ಅದರಲ್ಲಿ ಬೆರೆತಿತ್ತು. ಆದರೂ ಅದು ಎತ್ತಿದ ಸುರಕ್ಷತೆಯ ಪ್ರಶ್ನೆ ಪೊಳ್ಳಾಗಿರಲಿಲ್ಲ. ಅಪಾಯಕಾರಿ ರಾಸಾಯನಿಕ ತುಂಬಿದ ಟ್ಯಾಂಕರುಗಳೂ ಇದೇ ಯಾರ್ಡುಗಳಲ್ಲಿ ಓಡಾಡುತ್ತವೆ. ರಿಮೋಟ್ ಬಳಕೆಗೆ ಬಿಗಿಯಾದ ನಿಯಂತ್ರಣ ಬೇಕೆಂದು ಅಮೆರಿಕದ ಕೆಲವು ನಗರಸಭೆಗಳು ನಿರ್ಣಯ ಮಾಡಿದ್ದಕ್ಕೆ ಈ ಆತಂಕವೂ ಕಾರಣ.

ಯಾರ್ಡಿನ ಅಂಚಿನ ಲೆವೆಲ್ ಕ್ರಾಸಿಂಗಿನಲ್ಲಿ ಜನ ವಾಡಿಕೆಯಂತೆ ಎಂಜಿನ್ನಿನ ಕಿಟಕಿಯತ್ತ ನೋಡುತ್ತಾರೆ. ಅಲ್ಲಿ ಯಾರೂ ಕಾಣದಿದ್ದರೆ ಗಾಡಿ ಕದಲದು ಎಂದುಕೊಳ್ಳುವುದೇ ಅಪಾಯ. ಖಾಲಿ ಕ್ಯಾಬಿನ್ನಿನ ಎಂಜಿನ್ ಯಾವ ಕ್ಷಣದಲ್ಲಾದರೂ, ಯಾವ ದಿಕ್ಕಿಗಾದರೂ ಹೊರಡಬಹುದು. ರಿಮೋಟ್ ಎಚ್ಚರಿಕೆಯ ಫಲಕವಿರುವ ಕಡೆ ನಿಂತ ವ್ಯಾಗನ್‌ಗಳ ನಡುವೆ ನುಸುಳಬೇಡಿ, ಹಳಿಯನ್ನು ಕಾಲುದಾರಿ ಮಾಡಿಕೊಳ್ಳಬೇಡಿ.