ಕಾರ್ಮಿಕಾಧಿಕಾರಿಯ ದಾರಿ

ಯಂತ್ರಗಳನ್ನು ನೋಡಿಕೊಳ್ಳುವವನಿಗೆ ಸಲ್ಲುತ್ತಿದ್ದ ಮರ್ಯಾದೆಯು ಮನುಷ್ಯರನ್ನು ನೋಡಿಕೊಳ್ಳುವವನಿಗೆ ನಮ್ಮ ದೇಶದಲ್ಲಿ ಬಹುಕಾಲ ಸಲ್ಲಲಿಲ್ಲ. ಮುಂಬಯಿಯ ಗಿರಣಿಗಳಲ್ಲಿ ಆಳುಗಳನ್ನು ಸೇರಿಸುವ, ತೆಗೆದುಹಾಕುವ ಅಧಿಕಾರವೆಲ್ಲವೂ ಜಾಬರನೆಂಬ ಮುಕಾದಮನ ಕೈಯಲ್ಲಿದ್ದಿತು. ಅವನಿಗೆ ದಸ್ತೂರಿಯನ್ನು ಸಲ್ಲಿಸದವನಿಗೆ ಕೆಲಸವಿಲ್ಲ. ಅವನ ಅವಕೃಪೆಗೆ ಗುರಿಯಾದವನಿಗೆ ಅನ್ನವಿಲ್ಲ. 1929ರಲ್ಲಿ ನೇಮಕವಾದ ವಿಟ್ಲೀ ಆಯೋಗವು 1931ರ ತನ್ನ ವರದಿಯಲ್ಲಿ ಈ ಅನಿಷ್ಟವನ್ನು ಎತ್ತಿ ತೋರಿಸಿ, ಆ ಅಧಿಕಾರವನ್ನು ಜಾಬರನಿಂದ ತೆಗೆದು ಕಾರ್ಮಿಕಾಧಿಕಾರಿಗೆ ಒಪ್ಪಿಸಬೇಕೆಂದು ಸಲಹೆ ಮಾಡಿತು. 500 ಅಥವಾ ಅದಕ್ಕೂ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳಲ್ಲಿ ಕಲ್ಯಾಣಾಧಿಕಾರಿಯು ಇರತಕ್ಕದ್ದೆಂದು 1948ರ ಕಾರ್ಖಾನೆ ಕಾಯಿದೆಯು ವಿಧಿಸಿತು.

ಈ ವೃತ್ತಿಗೆ ವಿದ್ಯೆಯೂ ಬೇಕೆಂಬುದು ಕ್ರಮೇಣ ಮನವರಿಕೆಯಾಯಿತು. 1936ರಲ್ಲಿ ಮುಂಬಯಿಯಲ್ಲಿ ತಾತಾ ಧರ್ಮನಿಧಿಯವರು ಸಮಾಜಸೇವೆಯ ಶಾಲೆಯನ್ನೂ, 1949ರಲ್ಲಿ ಜಮ್‌ಶೆಡ್‌ಪುರದಲ್ಲಿ ಜೆಸ್ವಿಟ್ ಪಾದ್ರಿಗಳು ಎಕ್ಸ್‌ಎಲ್‌ಆರ್‌ಐ ಸಂಸ್ಥೆಯನ್ನೂ ಸ್ಥಾಪಿಸಿದರು.

ಈ ದಾರಿಯು ಎಲ್ಲಿಯವರೆಗೆ ಕೊಂಡೊಯ್ಯಬಲ್ಲುದೆಂಬುದಕ್ಕೆ ಶ್ರೀಮತಿ ಲೀನಾ ನಾಯರ್ ಅವರೇ ನಿದರ್ಶನ. 1969ರಲ್ಲಿ ಜನಿಸಿ ಕೊಲ್ಹಾಪುರದಲ್ಲಿ ಬೆಳೆದ ಇವರು, ಸಾಂಗ್ಲಿಯಲ್ಲಿ ಇಂಜಿನಿಯರಿಂಗನ್ನೂ ಜಮ್‌ಶೆಡ್‌ಪುರದ ಆ ಸಂಸ್ಥೆಯಲ್ಲಿಯೇ ಸಿಬ್ಬಂದಿ ನಿರ್ವಹಣೆಯನ್ನೂ ಅಭ್ಯಸಿಸಿ, 1992ರಲ್ಲಿ ಹಿಂದೂಸ್ತಾನ್ ಲೀವರ್ ಕಂಪೆನಿಯಲ್ಲಿ ಉಮೇದುವಾರರಾಗಿ ಸೇರಿದರು. ಕಲ್ಕತ್ತೆ, ಅಂಬತ್ತೂರು, ತಳೋಜಾಗಳ ಕಾರ್ಖಾನೆಗಳಲ್ಲಿ ದುಡಿದರು. 2016ರಲ್ಲಿ ಯೂನಿಲಿವರ್ ಕಂಪೆನಿಯ ಸಮಸ್ತ ಸಿಬ್ಬಂದಿಯ ಮುಖ್ಯಾಧಿಕಾರಿಯಾದರು. ಆ ಪದವಿಗೇರಿದ ಪ್ರಥಮ ಮಹಿಳೆ ಇವರೇ. 2022ರ ಜನವರಿಯಲ್ಲಿ ಶನೆಲ್ ಎಂಬ ಪ್ರಖ್ಯಾತ ಸಂಸ್ಥೆಯ ಆಡಳಿತದ ಮುಖ್ಯಾಸನವನ್ನೇ ಏರಿದರು. ಹಣಕಾಸು ಅಥವಾ ಮಾರಾಟದ ಶಾಖೆಯಿಂದ ಬಂದವರಿಗೆ ಸಾಮಾನ್ಯವಾಗಿ ದೊರೆಯುವ ಪೀಠವು ಸಿಬ್ಬಂದಿಯ ಶಾಖೆಯಿಂದ ಬಂದವರಿಗೆ ದೊರೆತುದು ಅಪರೂಪದ ಸಂಗತಿ.

ಇದು ದೇಶಕ್ಕೆ ಅಭಿಮಾನದ ವಿಷಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಭಿಮಾನದಿಂದಲೇ ತೃಪ್ತರಾಗಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಮೇಲಿನ ಮೆಟ್ಟಿಲು ಇಷ್ಟು ಎತ್ತರಕ್ಕೇರಿರುವಾಗ ಕೆಳಗಿನ ಬಾಗಿಲಿನ ಸ್ಥಿತಿಯೇನು? ಇಂದು ಅನೇಕ ಕಾರ್ಖಾನೆಗಳ ಬಾಗಿಲಲ್ಲಿ ಆಳುಗಳನ್ನು ಆಯ್ದುಕೊಳ್ಳುತ್ತಿರುವವನು ಅಧಿಕಾರಿಯಲ್ಲ, ಗುತ್ತಿಗೆದಾರನು. ಗುತ್ತಿಗೆ ಕಾರ್ಮಿಕರ ಬಗೆಗೆ 1970ರಲ್ಲಿಯೇ ಕಾನೂನು ಆದುದು ನಿಜ. ಆದರೂ ಜಾಬರನು ಬಿಟ್ಟುಹೋದ ಪೀಠವನ್ನು ಗುತ್ತಿಗೆದಾರನು ಆಕ್ರಮಿಸಿದರೆ, ವಿಟ್ಲೀ ಆಯೋಗದ ಆಶಯವು ಅರ್ಧಕ್ಕೇ ನಿಂತಂತಾಯಿತು.

ಕಾರ್ಮಿಕಾಧಿಕಾರಿಯ ಸ್ಥಾನವು ಸುಲಭದ್ದಲ್ಲವೆಂಬುದನ್ನು ನಾವು ಬಲ್ಲೆವು. ಸಂಬಳವನ್ನು ಕೊಡುವವರು ಮಾಲೀಕರು. ಅಹವಾಲನ್ನು ತರುವವರು ಕೆಲಸಗಾರರು. ಮಾಲೀಕರ ಮಾತನ್ನು ಮಾತ್ರ ಕೆಳಗೆ ಮುಟ್ಟಿಸುವ ಅಧಿಕಾರಿಯು ಕೋಟು ತೊಟ್ಟ ಜಾಬರನೇ ಸರಿ. ಕೆಲಸಗಾರನ ಮಾತನ್ನು ಮೇಲಿನ ಸಭೆಗೆ ಧೈರ್ಯವಾಗಿ ಮುಟ್ಟಿಸುವವನೇ ತನ್ನ ಪದವಿಗೆ ಅರ್ಹನು. ಆದುದರಿಂದ ಈ ವೃತ್ತಿಯನ್ನು ಕೈಗೊಳ್ಳುವ ತರುಣ ತರುಣಿಯರು ಕಚೇರಿಯ ಮೇಜಿನಿಂದಲ್ಲ, ಕಾರ್ಖಾನೆಯ ಅಂಗಳದಿಂದಲೇ ಆರಂಭಿಸಲಿ. ಬಾಗಿಲಲ್ಲಿ ನಿಂತಿರುವ ಬಡವನನ್ನು ನೇಮಿಸುವ ಹೊಣೆಯನ್ನು ಅವರ ಕೈಗೇ ಮಾಲೀಕರು ಒಪ್ಪಿಸಲಿ ಎಂದು ನಾವು ಆಗ್ರಹಪೂರ್ವಕವಾಗಿ ಸೂಚಿಸುತ್ತೇವೆ.